ಸಾರಥಿ ಬೇಕಾಗಿದ್ದಾನೆ

ಈ ವಾರದ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿ ಬಂದಿದೆ. ಅಧ್ಯಾಪಕನಾದವನು ತನ್ನ ತಪ್ಪನ್ನು ಒಪ್ಪಿಕೊಳ್ಳುವುದು ಅಪರೂಪ. ತಿದ್ದುವುದೇ ಅವನ ಕಸುಬಾದ್ದರಿಂದ ಅವನ ಕೆಂಪು ಶಾಯಿ ಸದಾ ಪರರ ಉತ್ತರಪತ್ರಿಕೆಯ ಮೇಲೆಯೇ ಹರಿಯುತ್ತದೆ. ಆದರೆ ನಾನು ಹೇಳಹೊರಟಿರುವ ತಪ್ಪು ನಡೆದದ್ದು ತುಂಬಿದ ಸಭೆಯಲ್ಲಿ, ಹಾರ ತುರಾಯಿಗಳ ನಡುವೆ. ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದೇನೆಂದು ನಾನು ಬೀಗುತ್ತಿದ್ದ ಹೊತ್ತಿನಲ್ಲಿ.

ನನ್ನ ಸೋದರಮಾವನವರು ಸಿರುಗುಪ್ಪದ ಕಡೆಯವರು. ತುಂಗಭದ್ರೆಯ ನೀರು ಕುಡಿದ ಭತ್ತದ ಗದ್ದೆಗಳ ನಡುವಣ ಊರು. ಬೇಸಾಯ ಅವರ ಹೊಟ್ಟೆಪಾಡು, ದೊಡ್ಡಾಟ ಅವರ ಉಸಿರು. ನಾಲ್ವತ್ತು ವರ್ಷಗಳ ಕಾಲ ಸುತ್ತಲಿನ ಹಳ್ಳಿಗಳಲ್ಲಿ ಪೇಟಿ ಮಾಸ್ತರರಾಗಿ ಆಟ ಕಲಿಸಿದವರು. ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಯಾವುದೋ ಊರಿನ ಹುಡುಗರು ಬಂಡಿಯಲ್ಲಿ, ಅನಂತರ ಟ್ರ್ಯಾಕ್ಟರಿನಲ್ಲಿ ಬಂದು ಅವರನ್ನು ಕರೆದೊಯ್ಯುವರು. ಎರಡು ಮೂರು ತಿಂಗಳ ತಾಲೀಮು. ಅಕ್ಷರ ಬಾರದವನಿಗೂ ಪದ ಬಾಯಿಗೆ ಬರುವಂತೆ, ಎತ್ತಿನ ಹಿಂದೆ ನಡೆದು ಕಾಲು ಒರಟಾದವನಿಗೂ ಹೆಜ್ಜೆ ಹಗುರವಾಗುವಂತೆ ಕಲಿಸಿ, ಗೆಜ್ಜೆಪೂಜೆ ಮಾಡಿಸಿ, ಆಟದ ರಾತ್ರಿ ಬೆಳಗಿನವರೆಗೆ ಪೇಟಿಯ ಮುಂದೆ ಕುಳಿತಿರುವರು. ಸಂಭಾವನೆಯ ವಿಷಯ ಕೇಳಿದರೆ ನಗುವರು.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಅದರ ಜೊತೆಗೆ ಮಾತು ಬಿದ್ದುಹೋಯಿತು. ನಮ್ಮ ಕಡೆ ಹೀಗೆಯೇ ಹೇಳುವುದು, ‘ಮಾತು ಬಿದ್ದಿತು’ ಎಂದು, ಮಾತೆಂಬುದು ಹೆಗಲ ಮೇಲಿನ ವಲ್ಲಿಯೋ ಎಂಬಂತೆ. ಪಾರಿವಾಳದ ರಕ್ತ ಹಚ್ಚಿಸಿರೆಂದು ಹೇಳಲು ಹತ್ತು ಜನ ಬಂದರು. ಮೊದಲು ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದವರು ಒಬ್ಬರು ಮಾತ್ರ. ಹೋಗುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. (ಬಾಯಿ ಸೊಟ್ಟಗಾದರೆ, ಕೈ ಜೋತರೆ, ನಾಲಗೆ ತೊದಲಿದರೆ ಗಳಿಗೆಯನ್ನೂ ಕಳೆಯಬಾರದು. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸುಮಾರು ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನವೆಂದು ವೈದ್ಯರು ಹೇಳುತ್ತಾರೆ. ಇದನ್ನು ನೆನಪಿನಲ್ಲಿಡಿ.) ಕೆಲವು ತಿಂಗಳಲ್ಲಿ ಕಾಲು ಕೋಲಿನ ಆಸರೆಗೆ ಬಂದಿತು. ಕೈ ಅರ್ಧ ಬಂದಿತು. ಮಾತು ಮಾತ್ರ ಬರಲಿಲ್ಲ. ಉಳಿದದ್ದು ಒಂದೇ ಪದ: “ಹೌದ್ರಿ.” ನೀರು ಬೇಕಾದರೂ ಹೌದ್ರಿ, ಬೇಡವಾದರೂ ಹೌದ್ರಿ, ಸಿಟ್ಟಿಗೂ ಅದೇ, ನಗೆಗೂ ಅದೇ.

ಇಂಥವರಿಗೆ ಬಳ್ಳಾರಿಯಲ್ಲಿ ಒಂದು ಸನ್ಮಾನವಾಗಬೇಕೆಂದು ಓಡಾಡಿದವನು ನಾನೇ. ಒಂದು ಸಂಘದವರನ್ನು ಒಪ್ಪಿಸಿದೆ. ಸಂಜೆ ಆರಕ್ಕೆಂದದ್ದು ಎಂಟಕ್ಕೆ ಆರಂಭವಾಯಿತು. ಅದು ನಮ್ಮ ಸಂಪ್ರದಾಯ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಆದವು. ಮಾವನವರ ಮುಖದಲ್ಲಿ ಬಹುದಿನಗಳ ಮೇಲೆ ಕಳೆ ಕಂಡಿತು. ಅಷ್ಟರಲ್ಲಿ ನಿರೂಪಕರು ಉತ್ಸಾಹದಿಂದ, “ಈಗ ಮಾಸ್ತರರು ತಮ್ಮ ಸುದೀರ್ಘ ಕಲಾಜೀವನದ ಕುರಿತು ನಾಲ್ಕು ನುಡಿಗಳನ್ನಾಡಬೇಕು” ಎಂದು ಮೈಕನ್ನು ಅವರ ಬಾಯಿಗೆ ಹಿಡಿದರು. ಅವರಿಗೆ ಮೊದಲೇ ತಿಳಿಸಿಡಬೇಕಾಗಿದ್ದವನು ನಾನು. ಹಾರ ತರಿಸುವ ಗಡಿಬಿಡಿಯಲ್ಲಿ ಮರೆತಿದ್ದೆ. ಮಾವನವರು ಕೋಲೂರಿ ನಿಂತರು. “ಹೌದ್ರಿ,” ಎಂದರು. ಸಭೆ ಕಾದಿತು. “ಹೌದ್ರಿ... ಹೌದ್ರಿ... ಹೌದ್ರಿ...” ಕೆಲವರು ಅದನ್ನು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಯಾರೋ ಪಡ್ಡೆಗಳು ನಕ್ಕರು. ನನ್ನ ಹಿಂದಿನ ಸಾಲಿನಲ್ಲಿ ಕುಳಿತ ಸಭ್ಯ ಗೃಹಸ್ಥರೊಬ್ಬರು ಪಕ್ಕದವರಿಗೆ, “ಪಾಪ, ತಲೀನೂ ಹೋಗೇತಿ” ಎಂದರು. ಆ ಮಾತು ವೇದಿಕೆಯವರೆಗೆ ಕೇಳಿಸಿತೆಂಬುದು ಮಾವನವರ ಕಣ್ಣಿನಿಂದ ನನಗೆ ತಿಳಿಯಿತು.

ಊರಿಗೆ ಹೋದವರು ಮೂರು ತಿಂಗಳು ಹೊಸಿಲು ದಾಟಲಿಲ್ಲ. ಪೇಟಿಯ ಮೇಲೆ ಬಟ್ಟೆ ಹೊದಿಸಿ ಅಟ್ಟಕ್ಕೆ ಏರಿಸಿಬಿಟ್ಟರೆಂದು ಅತ್ತೆ ಫೋನಿನಲ್ಲಿ ಹೇಳಿದಾಗ ನನ್ನ ಎಂ.ಎ. ಪದವಿಯೂ ಅಲಂಕಾರಶಾಸ್ತ್ರದ ನನ್ನ ಉಪನ್ಯಾಸಗಳೂ ಬಹಳ ಹಗುರವಾಗಿ ತೋರಿದವು.

ಈ ಸ್ಥಿತಿಗೆ ವೈದ್ಯರು ಅಫೇಸಿಯಾ ಎನ್ನುತ್ತಾರೆ. ಇದು ಕಿವುಡಲ್ಲ, ಮೂಕತನವಲ್ಲ, ಮತಿಭ್ರಮಣೆಯಂತೂ ಅಲ್ಲವೇ ಅಲ್ಲ. ಹೆಚ್ಚಿನವರಲ್ಲಿ ಭಾಷೆಯ ವ್ಯವಹಾರವನ್ನು ನಡೆಸುವುದು ಮೆದುಳಿನ ಎಡಭಾಗ. ಅಲ್ಲಿ ರಕ್ತಸಂಚಾರ ನಿಂತರೆ ಪದವನ್ನು ಹುಡುಕಿ ತರುವ, ಪದಕ್ಕೆ ಪದ ಜೋಡಿಸುವ, ಕೇಳಿದ್ದನ್ನು ಬಿಡಿಸಿಕೊಳ್ಳುವ ಶಕ್ತಿ ಕೆಡುತ್ತದೆ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ತಗಲುವುದುಂಟು. ಪ್ಯಾರಿಸಿನ ಹತ್ತಿರದ ಬಿಸೇತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬುವನು ಇಪ್ಪತ್ತೊಂದು ವರ್ಷ ಕಾಲ ‘ಟಾನ್’ ಎಂಬ ಒಂದೇ ಸದ್ದನ್ನಾಡುತ್ತ ಬದುಕಿದ್ದ. ಆಸ್ಪತ್ರೆಯವರು ಅವನನ್ನು ಟಾನ್ ಎಂದೇ ಕರೆಯುತ್ತಿದ್ದರು. 1861ರಲ್ಲಿ ಅವನು ತೀರಿಕೊಂಡಾಗ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನು ಅವನ ಮೆದುಳನ್ನು ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಪೆಟ್ಟಾಗಿರುವುದನ್ನು ತೋರಿಸಿದನು. ಮಾವನವರ ‘ಹೌದ್ರಿ’ ಆ ‘ಟಾನ್’ನ ತಮ್ಮ. ಭಾವ, ನೆನಪು, ವಿವೇಕ, ಹಾಸ್ಯಪ್ರಜ್ಞೆ ಎಲ್ಲವೂ ಒಳಗೆ ನೆಟ್ಟಗಿವೆ. ಬೀಗದ ಕೈ ಮಾತ್ರ ಕಳೆದಿದೆ.

ಬಾಯಿ ಬಾರದಿದ್ದರೇನು, ಬರೆದು ತೋರಿಸಲಿ ಎಂದು ನಾನು ಮೊದಲು ಒಂದು ಪಾಟಿ ತಂದುಕೊಟ್ಟೆ. ಎಂಥ ಪಂಡಿತಬುದ್ಧಿ ನೋಡಿ! ಬರಹವೂ ಭಾಷೆಯೇ ಅಲ್ಲವೆ? ಒಳಗೆ ಪದವೇ ಸಿಗದವನು ಬಳಪ ಹಿಡಿದು ಏನು ಬರೆದಾನು? ಮಾವನವರು ಎಡಗೈಯಿಂದ ಒಂದು ‘ಕ’ ಬರೆದರು. ಅದಕ್ಕೆ ತಲೆಕಟ್ಟೋ ಕೊಂಬೋ ತಿಳಿಯದೆ ಬಹಳ ಹೊತ್ತು ದಿಟ್ಟಿಸಿ, ಅಂಗೈಯಿಂದ ಒರೆಸಿಬಿಟ್ಟರು. ಕಾಗುಣಿತ, ಒತ್ತಕ್ಷರಗಳ ಸೊಬಗನ್ನು ತರಗತಿಯಲ್ಲಿ ಹೊಗಳುವ ನನಗೆ ಅವು ಕೋಟೆಯ ಮುಳ್ಳುಗಳಂತೆಯೂ ಕಾಣಬಲ್ಲವೆಂಬುದು ಅಂದು ಗೊತ್ತಾಯಿತು.

ಎಲ್ಲರಿಗೂ ಒಂದೇ ಬಗೆಯಲ್ಲಿ ಮಾತು ಬೀಳುವುದಿಲ್ಲ. ಕುರುಗೋಡಿನಲ್ಲಿ ನನ್ನ ಮಿತ್ರರೊಬ್ಬರ ತಾಯಿಯವರಿದ್ದಾರೆ. ಮನೆಮಾತು ತೆಲುಗು, ಆದರೆ ಮೂವತ್ತು ವರ್ಷ ಊರ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿ ನಿವೃತ್ತರಾದವರು. ಅವರಿಗೆ ಲಕ್ವವಾದ ಮೇಲೆ ಕೈಕಾಲಿಗೆ ಏನೂ ಆಗಲಿಲ್ಲ, ಮಾತೂ ನಿಲ್ಲಲಿಲ್ಲ. ಧಾರಾಳವಾಗಿ ಹರಿಯುತ್ತದೆ, ಆದರೆ ನೀರು ಬೇಕಾದಾಗ ಕೊಡೆ ಎನ್ನುವರು, ಮಗನನ್ನು ಬಾಗಿಲೆನ್ನುವರು, ಯಾವ ನಿಘಂಟಿನಲ್ಲಿಯೂ ಇಲ್ಲದ ಪದಗಳನ್ನು ಪೋಣಿಸುವರು. ತಾವಾಡಿದ್ದು ತಪ್ಪೆಂಬುದು ಅವರಿಗೆ ಹಲವು ಬಾರಿ ತಿಳಿಯುವುದೇ ಇಲ್ಲ. ಪರರ ಮಾತೂ ಪೂರ್ತಿ ಹಿಡಿಯುವುದಿಲ್ಲ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ವರ್ಣಿಸಿದ ಬಗೆ ಇದು. ನೋಡುವವರಿಗೆ ಇದು ಹುಚ್ಚಿನಂತೆಯೇ ತೋರುವುದರಿಂದ ಇವರ ಪಾಡು ಇನ್ನೂ ಕಠಿನ. ವಾರಕ್ಕೊಮ್ಮೆ ಅವರು ಹೋಗುತ್ತಿದ್ದ ಹೆಂಗಸರ ಭಜನೆಯಲ್ಲಿ, “ಟೀಚರಮ್ಮಾ, ನೀವು ಆರಾಮ ಮಾಡ್ರಿ” ಎಂದು ಹೇಳಿದರಂತೆ. ಅದರ ಅರ್ಥ ಬರಬೇಡಿರೆಂದು. ಈ ಅರ್ಥ ಮಾತ್ರ ಟೀಚರಮ್ಮನವರಿಗೆ ಚೆನ್ನಾಗಿ ತಿಳಿಯಿತು.

ನಮ್ಮ ಜಿಲ್ಲೆಯಲ್ಲಿ ಈ ಸಂಗತಿಗೆ ಇನ್ನೊಂದು ಮಗ್ಗುಲಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಭೂಪಟದ ಮೇಲೆ ಗೆರೆ ಬಿದ್ದಿತು, ನಾಲಗೆಯ ಮೇಲೆ ಬೀಳಲಿಲ್ಲ. ಇಲ್ಲಿ ತೆಲುಗು ಮನೆಯಲ್ಲಿ, ಕನ್ನಡ ಶಾಲೆಯಲ್ಲಿ, ಉರ್ದು ಪೇಟೆಯಲ್ಲಿ. ಮೂರೂ ಆಡುವವನಿಗೆ ಮಾತು ಬಿದ್ದರೆ ಮೊದಲು ಮರಳುವುದು ಯಾವುದು? ಮೊದಲು ಕಲಿತದ್ದೆಂದು ಫ್ರಾನ್ಸಿನ ರಿಬೋ ಎಂಬುವನು ಊಹಿಸಿದ. ಹೆಚ್ಚು ಬಳಸುತ್ತಿದ್ದುದೆಂದು 1895ರಲ್ಲಿ ಪಿತ್ರ್ ಎಂಬುವನು ವಾದಿಸಿದ. ಎಲ್ಲರಿಗೂ ಸಲ್ಲುವ ನಿಯಮ ಎರಡರಲ್ಲಿ ಯಾವುದೂ ಆಗಲಿಲ್ಲ. ಎಲ್ಲವೂ ಸಮನಾಗಿ ಮರಳುವುದುಂಟು, ಒಂದು ಮರಳಿ ಇನ್ನೊಂದು ಹಿಂದುಳಿಯುವುದುಂಟು. ಟೀಚರಮ್ಮನವರಿಗೆ ತೆಲುಗು ಮುಂದೆ ಬಂದಿತು. ಕನ್ನಡದ ಟೀಚರು ಕನ್ನಡದಲ್ಲೇ ಆಡಲೆಂದು ಹಟ ಹಿಡಿದಿದ್ದ ಮೊಮ್ಮಕ್ಕಳು ಈಗ ಅಜ್ಜಿಯಿಂದ ತೆಲುಗು ಕಲಿಯುತ್ತಿದ್ದಾರೆ. ಕನ್ನಡ ಅಧ್ಯಾಪಕನಾದ ನಾನು ಇದಕ್ಕೆ ಸಂತೋಷಪಡುತ್ತೇನೆ. ಯಾರೂ ತಪ್ಪು ತಿಳಿಯಬಾರದು.

ಚಿಕಿತ್ಸೆಯ ದಾರಿ ಕನ್ನಡಿಗರಿಗೆ ಮುಚ್ಚಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಇಂಗ್ಲಿಷಿನಲ್ಲಿ ಪ್ರಸಿದ್ಧವಾಗಿದ್ದ ಅಫೇಸಿಯಾ ಪರೀಕ್ಷೆಯೊಂದನ್ನು ಶ್ಯಾಮಲಾ ಚೆಂಗಪ್ಪ ಮತ್ತು ರವಿಕುಮಾರ್ ಅವರು ಕನ್ನಡಕ್ಕೆ ಅಳವಡಿಸಿ 2008ರಲ್ಲಿ ಪ್ರಕಟಿಸಿದರು. ಪರಭಾಷೆಯ ಪರೀಕ್ಷೆಯನ್ನು ಸುಮ್ಮನೆ ಅನುವಾದಿಸಿದರೆ ಸಾಲದು; ವಿಭಕ್ತಿಯೂ ಕ್ರಿಯಾಪದದ ಬಾಲವೂ ಕೂಡಿಕೊಂಡೇ ನಡೆಯುವ ನುಡಿ ನಮ್ಮದು. ನಾವು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪಯಣಿಸಿ ಮಾವನವರನ್ನು ಮೈಸೂರಿಗೆ ಕರೆದೊಯ್ದೆವು. ಅಭ್ಯಾಸಗಳನ್ನು ಹೇಳಿಕೊಟ್ಟರು, ಪ್ರಯೋಜನವೂ ಆಯಿತು. ಆದರೆ ಸಿರುಗುಪ್ಪದ ಗದ್ದೆಯವನು ತಿಂಗಳಿಗೆ ಎಷ್ಟು ಸಲ ಮೈಸೂರಿಗೆ ಹೋದಾನು? ಹೋಗಿಬಂದ ಮೇಲೆ ಅವನು ಬದುಕಬೇಕಾದದ್ದು ತನ್ನ ಊರಿನಲ್ಲಿ, ಕಟ್ಟೆಯ ಮೇಲೆ, ಗುಡಿಯಲ್ಲಿ, ಆಟದ ಚಪ್ಪರದಲ್ಲಿ. ನಾನು ಇಂದು ಹೇಳಹೊರಟಿರುವುದು ಆ ಜಾಗಗಳ ವಿಷಯ.

ಆ ಮೂರು ತಿಂಗಳ ಅಜ್ಞಾತವಾಸದ ಕೊನೆಗೆ ಒಂದು ಘಟನೆ ನಡೆಯಿತು. ನಾನು ಊರಿಗೆ ಹೋದಾಗ ಮಾವನವರು ಏನನ್ನೋ ಹೇಳಬೇಕೆಂದು ಚಡಪಡಿಸುತ್ತಿದ್ದರು. ಬಳ್ಳಾರಿಯ ಹಾದಿಯ ಕಡೆ ಎಡಗೈ ತೋರಿಸಿ “ಹೌದ್ರಿ, ಹೌದ್ರಿ” ಎನ್ನುವರು. ನಾವು ತಪ್ಪು ಊಹಿಸಿದರೆ ಹಣೆ ಚಚ್ಚಿಕೊಳ್ಳುವರು. ನಾನು ಒಂದೇ ಉಸಿರಿಗೆ, “ಊಟವೆ? ಔಷಧವೆ? ಬಳ್ಳಾರಿಗೆ ಹೋಗಬೇಕೆ?” ಎಂದು ಪ್ರಶ್ನೆಗಳ ಮಳೆ ಸುರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ಅತ್ತೆ ನನ್ನನ್ನು ಸುಮ್ಮನಿರಿಸಿ, ಟೀವಿ ಆರಿಸಿ, ಗಂಡನ ಎದುರಿಗೆ ಕುಳಿತು ನಿಧಾನವಾಗಿ ಕೇಳಿದರು:

“ಮನಿಷ್ಯಾರ ಸುದ್ದಿ ಏನ್ರಿ?” ಅರ್ಧ ತಲೆಯಾಡಿತು.

“ಸಾಮಾನಿನ ಸುದ್ದಿ?” ತಲೆ ಪೂರ್ತಿ ಆಡಿತು.

ಮನುಷ್ಯರದೂ ಹೌದು, ಸಾಮಾನಿನದೂ ಹೌದು. ಅತ್ತೆ ಪಾಟಿಯ ಮೇಲೆ ಒಂದು ಮನೆ, ಒಂದು ಗುಡ್ಡ ಬರೆದರು. ಮಾವ ಗುಡ್ಡದ ಮೇಲೆ ಬೆರಳಿಟ್ಟರು. “ತೆಕ್ಕಲಕೋಟಿ?” ಹೌದು. ಪೇಟಿಯೇ? ಅಲ್ಲ. ತಾಳವೇ? ಅಲ್ಲ. ಪುಸ್ತಕವೇ? ಆಗ ಅವರು ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಲವತ್ತು ನಿಮಿಷ ಹಿಡಿಯಿತು, ನಾನು ಗಡಿಯಾರ ನೋಡುತ್ತಿದ್ದೆ. ತಿಳಿದುಬಂದದ್ದಿಷ್ಟು: ಲಕ್ವ ಹೊಡೆಯುವ ಮುಂಚೆ, ತಮ್ಮ ಗುರುಗಳ ಕೈಬರಹದ ‘ಅಭಿಮನ್ಯು ಕಾಳಗ’ದ ಪ್ರತಿಯನ್ನು ತೆಕ್ಕಲಕೋಟೆಯ ಹಳೆಯ ಶಿಷ್ಯನೊಬ್ಬನಿಗೆ ಕೊಟ್ಟಿದ್ದರು. ಅದಕ್ಕೆ ಇನ್ನೊಂದು ನಕಲಿಲ್ಲ. ಎರಡು ವರ್ಷದಿಂದ ಆ ಮಾತು ಅವರ ಗಂಟಲಲ್ಲಿ ಕುಳಿತಿತ್ತು; ಕೇಳಿಸಿಕೊಳ್ಳುವಷ್ಟು ಹೊತ್ತು ನಾವಾರೂ ಕುಳಿತಿರಲಿಲ್ಲ. ಮರುದಿನ ನಾನೇ ಹೋಗಿ ತಂದೆ. ಅಟ್ಟದ ಮೇಲೆ, ಗೊಬ್ಬರದ ಖಾಲಿ ಚೀಲಗಳ ನಡುವೆ ಇದ್ದಿತು. ಅಂಚುಗಳಿಗೆ ಗೆದ್ದಲು ತಾಗಿತ್ತು.

ಬಸ್ಸಿನಲ್ಲಿ ಆ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ಅತ್ತೆ ಮಾಡಿದ ಕೆಲಸವನ್ನು ನಾನು ಎಲ್ಲಿಯೋ ನೋಡಿದ್ದೇನೆಂದು ಅನಿಸತೊಡಗಿತು. ಪುಟ ತೆರೆದೊಡನೆ ನೆನಪಾಯಿತು. ದೊಡ್ಡಾಟ ನೋಡಿದವರಿಗೆ ಸಾರಥಿಯ ಪರಿಚಯವುಂಟು. ಕಿರೀಟ, ಭುಜಕೀರ್ತಿಗಳನ್ನು ತೊಟ್ಟ ರಾಜನು ಅಬ್ಬರಿಸಿ ರಂಗಕ್ಕೆ ಬಂದೊಡನೆ ತಾನೇ ತನ್ನ ಕಥೆಯನ್ನು ಒದರುವುದಿಲ್ಲ. ಸಾರಥಿ ಎದುರು ನಿಂತು, ತಾವು ಯಾರು, ಬಂದ ಕಾರ್ಯವೇನು ಎಂದು ಕೇಳುತ್ತಾನೆ. ರಾಜ ಒಂದು ಮಾತು ಹೇಳಿದರೆ ಅದನ್ನು ಎತ್ತಿ ಹಿಡಿದು, ಮತ್ತೊಮ್ಮೆ ಆಡಿ, ಸಭೆಗೆ ಮುಟ್ಟಿಸಿ, ಮುಂದಿನ ಮಾತಿಗೆ ದಾರಿ ಮಾಡುತ್ತಾನೆ. ಪಾತ್ರಧಾರಿ ಮರೆತರೆ ಸುಳಿವು ಕೊಡುತ್ತಾನೆ. ಆದರೆ ರಾಜನ ಪಾತ್ರವನ್ನು ತಾನು ಕಸಿದುಕೊಳ್ಳುವುದಿಲ್ಲ. ಸಾರಥಿಯ ನೆರವು ಪಡೆದನೆಂದು ಯಾವ ಪ್ರೇಕ್ಷಕನೂ ರಾಜನನ್ನು ಅಸಮರ್ಥನೆಂದದ್ದಿಲ್ಲ. ಅತ್ತೆ ಆ ದಿನ ಸಾರಥಿಯಾಗಿದ್ದರು. ನಾನು ಬಳ್ಳಾರಿಯ ಸಭೆಯಲ್ಲಿ ರಾಜನನ್ನು ಸಾರಥಿಯಿಲ್ಲದೆ ರಂಗಕ್ಕೆ ನೂಕಿದ್ದೆ.

ಕೆನಡಾದ ಟೊರಾಂಟೊ ನಗರದಲ್ಲಿ ಪ್ಯಾಟ್ ಅರಾಟೊ ಎಂಬ ಮಹಿಳೆ 1979ರಲ್ಲಿ ಇಂಥವರಿಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಆಕೆಯ ಪತಿಗೇ ಅಫೇಸಿಯಾ ಆಗಿತ್ತು. ಆ ಕೇಂದ್ರದ ಆರಾ ಕೇಗನ್ ಎಂಬ ವಿದುಷಿ, ಸಾಮಾನ್ಯ ಸ್ವಯಂಸೇವಕರಿಗೆ ‘ಆಸರೆಯ ಸಂಭಾಷಣೆ’ಯನ್ನು ಕಲಿಸುವ ಪದ್ಧತಿಯನ್ನು ರೂಪಿಸಿದರು. ನಿಮಗೆ ತಿಳಿದಿದೆಯೆಂಬುದು ನನಗೆ ಗೊತ್ತು ಎಂದು ಮೊದಲು ಎದುರಿನವರಿಗೆ ಮನಗಾಣಿಸುವುದು; ಒಂದು ಸಲಕ್ಕೆ ಒಂದೇ ವಿಷಯ; ಹೌದು ಅಲ್ಲಗಳಲ್ಲಿ ಉತ್ತರಿಸಬಹುದಾದ ಪ್ರಶ್ನೆ; ಜೊತೆಗೆ ಚಿತ್ರ, ಸನ್ನೆ, ಒಂದೆರಡು ದಪ್ಪ ಅಕ್ಷರದ ಪದ; ಕೊನೆಗೆ, ತಾನು ಗ್ರಹಿಸಿದ್ದು ಸರಿಯೆ ಎಂದು ಕೇಳಿ ಖಚಿತಮಾಡಿಕೊಳ್ಳುವುದು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಸ್ವಾರಸ್ಯವಿದೆ. ತರಬೇತಿ ಕೊಟ್ಟದ್ದು ಸ್ವಯಂಸೇವಕರಿಗೆ ಮಾತ್ರ. ಆದರೆ ಸಂಭಾಷಣೆ ಸುಧಾರಿಸಿದ್ದು ಇಬ್ಬರದೂ! ಸಿರುಗುಪ್ಪದ ಹೆಂಗಸು ಯಾರೂ ಹೇಳಿಕೊಡದೆ ಕಂಡುಕೊಂಡದ್ದು ಇದನ್ನೇ.

ಅಂಗವೈಕಲ್ಯವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗಾಲಿಕುರ್ಚಿ. ಅದಕ್ಕೆ ಇಳಿಜಾರು ಕಟ್ಟಬಹುದು, ಗುತ್ತಿಗೆದಾರನಿಗೆ ಬಿಲ್ಲು ಕೊಡಬಹುದು. ಅಫೇಸಿಯಾದವನಿಗೆ ಬೇಕಾದ ಇಳಿಜಾರು ಸಿಮೆಂಟಿನದಲ್ಲ, ಎದುರಿಗಿರುವವನ ವ್ಯವಧಾನದ್ದು. 1995ರ ಕಾನೂನಿನ ಪಟ್ಟಿಯಲ್ಲಿ ಇವರಿಗೆ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಗಳನ್ನು ಹೇಳಿ, ಮಾತು ಮತ್ತು ಭಾಷೆಯ ವೈಕಲ್ಯದಡಿಯಲ್ಲಿ ಅಫೇಸಿಯಾವನ್ನು ಹೆಸರಿಸಿಯೇ ಸೇರಿಸಿತು. ಅದರ 29ನೆಯ ಕಲಮು ಎಲ್ಲರಂತೆ ಸಾಂಸ್ಕೃತಿಕ ಜೀವನದಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಕಲೆಯನ್ನು ಇವರಿಗೆ ಎಟುಕುವಂತೆ ಮಾಡುವುದು ಸರಕಾರದ ಕರ್ತವ್ಯವೆನ್ನುತ್ತದೆ. ಕಾನೂನು ಅಷ್ಟು ದೂರ ಬಂದಿದೆ. ಕಚೇರಿಯ ಮೇಜು ಇನ್ನೂ ಅಲ್ಲಿಯೇ ಇದೆ: ಪ್ರಮಾಣಪತ್ರಕ್ಕಾಗಿ ಹೋದ ಒಂದು ಕಚೇರಿಯಲ್ಲಿ ಮಾವನವರನ್ನು, “ಹೆಸರು ಹೇಳ್ರಿ, ನಿಮ್ಮ ಬಾಯಾಗ ನೀವs ಹೇಳ್ರಿ” ಎಂದು ಮೂರು ಬಾರಿ ಕೇಳಿದರು. ಯಾವುದು ಇಲ್ಲವೆಂಬುದಕ್ಕೆ ಅವರು ಪತ್ರ ಕೇಳಲು ಹೋಗಿದ್ದರೋ ಅದನ್ನೇ ಅರ್ಜಿಯ ಶುಲ್ಕವಾಗಿ ಕೇಳಿದಂತಾಯಿತು.

ಅದಿರಲಿ. ನಮ್ಮ ಕಲೆಗಳ ವಿಷಯಕ್ಕೆ ಬರೋಣ. ಬಳ್ಳಾರಿ ಕಲೆಗೆ ಬಡ ಊರಲ್ಲ. ಧರ್ಮವರಂ ರಾಮಕೃಷ್ಣಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ಇಲ್ಲಿ ನಾಟಕಸಭೆಗಳನ್ನು ಕಟ್ಟಿದರು. ವಕೀಲರಾಗಿದ್ದ ಬಳ್ಳಾರಿ ರಾಘವರು (1880–1946) ರಂಗಭೂಮಿಯನ್ನು ಆಳಿದರು. ಜೋಳದರಾಶಿ ದೊಡ್ಡನಗೌಡರು (1910–1994) ಗಮಕವನ್ನು ಹಳ್ಳಿಗೆ ಒಯ್ದರು. ಸುಭದ್ರಮ್ಮ ಮನ್ಸೂರರ ರಂಗಗೀತೆ 2020ರವರೆಗೆ, ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ 2023ರವರೆಗೆ ನಮ್ಮ ಭಾಗ್ಯದಲ್ಲಿದ್ದವು. ಈ ಕಲೆಗಳನ್ನು ಒಮ್ಮೆ ಮಾವನವರ ಮತ್ತು ಟೀಚರಮ್ಮನವರ ಕಣ್ಣಿನಿಂದ ನೋಡಿರಿ. ಗಮಕದಲ್ಲಿ ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಅದನ್ನೇ ತಿಳಿಗನ್ನಡದಲ್ಲಿ ವಿವರಿಸುತ್ತಾರೆ. ಮೊದಲ ಸಲ ಜಾರಿದ್ದು ಎರಡನೆಯ ಸಲ ಸಿಗುತ್ತದೆ. ತೊಗಲುಗೊಂಬೆಯಲ್ಲಿ ಯಾರು ಆಡುತ್ತಿದ್ದಾರೆಂಬುದನ್ನು ಗೊಂಬೆಯ ಕೈಯೇ ಅಲ್ಲಾಡಿ ತೋರಿಸುತ್ತದೆ. ದೊಡ್ಡಾಟದಲ್ಲಿ ಹಿಮ್ಮೇಳದವರು ಪದದ ಸಾಲನ್ನು ಎತ್ತಿ ಮತ್ತೆ ಹಾಡುತ್ತಾರೆ. ಮೊದಲು ಮಾಡಲಾರದವನೂ ಆ ಹರಿವಿಗೆ ಸೇರಿಕೊಳ್ಳಬಹುದು. ಕಥೆಯಂತೂ ಎಲ್ಲರಿಗೂ ಗೊತ್ತಿರುವುದೇ. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವುದು ನಮ್ಮ ಹಿರಿಯರಿಗೆ ದೋಷವಾಗಿರಲಿಲ್ಲ, ಔದಾರ್ಯವಾಗಿತ್ತು. ಪುನರುಕ್ತಿ ದೋಷವೆಂದು ವಿದ್ಯಾರ್ಥಿಗಳ ಪ್ರಬಂಧದಲ್ಲಿ ಗೀಟು ಹಾಕುವ ನಾನು ಇದನ್ನು ಒಪ್ಪಬೇಕಾಯಿತು.

ಕೆಡಿಸಿದವರು ನಾವು. ಆಳೆತ್ತರದ ಧ್ವನಿವರ್ಧಕಗಳನ್ನು ಎರಡೂ ಕಡೆ ನಿಲ್ಲಿಸಿದೆವು. ಆಟದ ನಡುವೆ ಆಯೇರಿಯ ಘೋಷಣೆ, ಸಭೆಯ ನಡುವೆ ಮೊಬೈಲಿನ ಗಂಟೆ. ಒಟ್ಟಿಗೆ ನಾಲ್ಕು ದನಿಗಳು ಬಿದ್ದರೆ ಮಾತಿನ ಎಳೆ ಬಿಡಿಸುವುದು ಗಟ್ಟಿಗರಿಗೇ ಕಷ್ಟ. ಅಫೇಸಿಯಾದವರಿಗೆ ಅದು ಬರಿಯ ಸದ್ದಿನ ಗೋಡೆ. ರಾಘವರ ಹೆಸರಿನ ಕಲಾಮಂದಿರದಲ್ಲಾಗಲಿ, ದೊಡ್ಡನಗೌಡರ ಹೆಸರಿನ ರಂಗಮಂದಿರದಲ್ಲಾಗಲಿ ನಾಟಕವಾಡಿಸುವವರು ಕಥೆಯ ಸಾರವನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಪಾತ್ರಗಳ ಚಿತ್ರದೊಡನೆ ಒಂದು ಹಾಳೆಯಲ್ಲಿ ಮೊದಲೇ ಅಚ್ಚುಹಾಕಿಸಿ ಕೊಟ್ಟರೆ ಖರ್ಚೆಷ್ಟು? ಧ್ವನಿವರ್ಧಕದಿಂದ ದೂರದ ನಾಲ್ಕು ಕುರ್ಚಿಗಳು, ಬೇಕಾದಾಗ ಎದ್ದುಹೋಗಲು ಬಾಗಿಲ ಹತ್ತಿರದ ಜಾಗ, ಟಿಕೆಟ್ಟು ಕೊಡುವವನಿಗೆ ಎರಡು ನಿಮಿಷದ ತಿಳಿವಳಿಕೆ, ಇಷ್ಟನ್ನು ಯಾವ ಸಂಘವೂ ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮಾತು ಬಾರದವರು ಹಾಡಬಲ್ಲರೆಂಬುದು ನಿಜ. 1745ರಷ್ಟು ಹಿಂದೆಯೇ ಸ್ವೀಡನ್ನಿನಲ್ಲಿ ಓಲೋಫ್ ಡಾಲಿನ್ ಎಂಬುವನು, ಮಾತು ಕಳೆದುಕೊಂಡೂ ಪ್ರಾರ್ಥನಾಗೀತೆಗಳನ್ನು ಹಾಡಬಲ್ಲ ಒಬ್ಬನನ್ನು ಕಂಡು ಬರೆದಿಟ್ಟಿದ್ದಾನೆ. ಅಮೆರಿಕದ ವೈದ್ಯರು 1973ರಲ್ಲಿ ರಾಗದ ಏರಿಳಿತದ ಮೇಲೆ ಮಾತನ್ನು ಕೂರಿಸುವ ಚಿಕಿತ್ಸೆಯನ್ನೇ ಪ್ರಕಟಿಸಿದರು. ರಾಗಕ್ಕಿಂತ ಲಯವೂ ಬಾಯಿಪಾಠದ ಪರಿಚಯವೂ ಹೆಚ್ಚು ಕೆಲಸ ಮಾಡುತ್ತವೆಂದು ಈಚಿನ ಕೆಲವು ಸಂಶೋಧಕರ ಮತ. ಮಾವನವರೂ ತಾಳ ಬಿದ್ದರೆ ಗಣಪತಿಸ್ತುತಿಯ ಎರಡು ನುಡಿಗಳನ್ನು ಸ್ವಚ್ಛವಾಗಿ ಹಾಡಿಬಿಡುತ್ತಾರೆ. ಅದನ್ನು ಮೊದಲ ಸಲ ಕೇಳಿದ ಊರವರು, ಮಾಸ್ತರರಿಗೆ ಬಾಯಿ ಬಂದಿತು, ಇಷ್ಟು ದಿನ ನಟಿಸುತ್ತಿದ್ದರೆಂದು ಆಡಿಕೊಂಡರು! ಹಾಡಿದ ಮರುಗಳಿಗೆಯೇ ಒಂದು ಲೋಟ ನೀರನ್ನು ಹೆಸರಿಟ್ಟು ಕೇಳಲಾರರೆಂಬುದು ಅವರಿಗೆ ತಿಳಿಯದು. ಹಾಡು ಹಾಡಾಗಿಯೇ ಇರಲಿ. ಅದರಿಂದ ಪವಾಡವನ್ನು ಕೇಳಬಾರದು.

ಗೌರವಿಸುವ ಬಗೆಯನ್ನು ಕಲಿಯಬೇಕಾದರೂ ಸ್ವೀಡನ್ನಿನ ಕಡೆಗೇ ನೋಡಬೇಕು. ಅಲ್ಲಿಯ ಕವಿ ತೋಮಸ್ ಟ್ರಾನ್‌ಸ್ಟ್ರೋಮರ್‌ಗೆ 1990ರಲ್ಲಿ ಲಕ್ವವಾಗಿ ಮಾತು ಹೋಗಿತ್ತು. ಆತ ಎಡಗೈಯೊಂದರಿಂದಲೇ ಪಿಯಾನೊ ನುಡಿಸುತ್ತ, ಪುಟ್ಟ ಕವಿತೆಗಳನ್ನು ಬರೆಯುತ್ತ ಬಾಳಿದ. 2011ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ, ಪ್ರತಿವರ್ಷ ನಡೆಯುವ ನೊಬೆಲ್ ಉಪನ್ಯಾಸದ ಬದಲು ಆತನ ಕವಿತೆಗಳ ವಾಚನವನ್ನೂ ಸಂಗೀತವನ್ನೂ ಏರ್ಪಡಿಸಿದರು. ಯಾರೂ ಆತನ ಬಾಯಿಗೆ ಮೈಕು ಹಿಡಿಯಲಿಲ್ಲ. ಇದನ್ನು ನಾನು ಓದಿದ್ದು ಬಳ್ಳಾರಿಯ ಆ ಸಭೆಯಾದ ಮೇಲೆ. ಮೊದಲೇ ಓದಿದ್ದರೆ ನಿರೂಪಕರ ಕೈಯಿಂದ ಮೈಕು ಕಸಿದುಕೊಂಡು ಮಾವನವರ ಮುಂದೆ ಒಂದು ಪೇಟಿ ಇಡಿಸುತ್ತಿದ್ದೆನೇನೋ.

ಕುರುಗೋಡಿನಲ್ಲಿಯೂ ಒಂದಿಷ್ಟು ನಡೆದಿದೆ. ದೊಡ್ಡಬಸವೇಶ್ವರನ ಜಾತ್ರೆಯ ಗದ್ದಲ ಟೀಚರಮ್ಮನವರಿಗೆ ತಡೆಯದು. ಆದ್ದರಿಂದ ಅವರ ಮಗ ಅವರನ್ನು ನಸುಕಿನಲ್ಲಿಯೇ ಗುಡಿಗೆ ಕರೆದೊಯ್ದರು. ಗರ್ಭಗುಡಿ ತುಂಬ ಕುಳಿತ ಆ ಏಕಶಿಲಾ ನಂದಿಯ ಮುಂದೆ ನಿಂತು ಆಕೆ ಏನೇನೋ ಆಡಿದರಂತೆ. ಪೂಜೆ ಯಾರ ಹೆಸರಿನಲ್ಲಿ ಎಂದು ಕೇಳಬೇಕಾಗಿದ್ದ ಅರ್ಚಕರು ಆಕೆಯ ಹಳೆಯ ವಿದ್ಯಾರ್ಥಿ; ಕೇಳದೆ ತಾವೇ ಹೆಸರು ಹೇಳಿದರು. ಭಜನೆಯವರನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಸೊಸೆ ಹೋಗಿ, ಅತ್ತೆಯವರ ಮಾತನ್ನು ತಿದ್ದಬೇಡಿ, ಮುಖ ನೋಡಿ ಅರ್ಥ ಮಾಡಿಕೊಳ್ಳಿ, ಬೇಕಾದರೆ ನಾನು ಪಕ್ಕದಲ್ಲಿರುತ್ತೇನೆಂದು ಬೇಡಿಕೊಂಡ ಮೇಲೆ ಒಂದು ವಾರ ಬಿಟ್ಟು ಒಂದು ವಾರ ಕರೆಯುತ್ತಿದ್ದಾರೆ. ಪಲ್ಲವಿಯಲ್ಲಿ ಅವರ ದನಿ ಸೇರುತ್ತದೆ. ಚರಣದಲ್ಲಿ ಕೈತಾಳ ಮಾತ್ರ. ಕೆಲವರು ಈಗಲೂ ನಗುತ್ತಾರೆಂದು ಮಿತ್ರರು ಹೇಳುತ್ತಾರೆ.

ಸಿರುಗುಪ್ಪದ ಕಡೆ ಈ ಸಲ ‘ಅಭಿಮನ್ಯು ಕಾಳಗ’ದ ತಾಲೀಮು ನಡೆದಿದೆ. ಪ್ರತಿ ಸಿಕ್ಕಿತೆಂಬ ಸುದ್ದಿ ಕೇಳಿ ಬಂದವರು ಊರ ಹುಡುಗರೇ. ಮಾಸ್ತರರು ಕಲಿಸಲಾರರು, ಪುಸ್ತಕ ಕೊಟ್ಟರೆ ಸಾಕೆಂದು ಅವರು ಕೇಳಿದ್ದು. ಅತ್ತೆ, “ಪುಸ್ತಕ ಬೇಕಂದ್ರ ಮಾಸ್ತರೂ ಬರ್ತಾರ” ಎಂದು ಷರತ್ತು ಹಾಕಿದರು. ಈಗ ಮಾವನವರು ಎಡಗೈಯಿಂದ ಪೇಟಿಯ ಮನೆಗಳನ್ನು ಒತ್ತುತ್ತಾರೆ. ಎದುರಿಗೆ ಕುಳಿತ ಒಬ್ಬ ಹುಡುಗ ತಿದಿ ಎಳೆಯುತ್ತಾನೆ. ಆ ಕೈಬರಹವನ್ನು ಅವರು ಓದಲಾರರು. ಆದರೆ ಅಭಿಮನ್ಯುವಿನ ಪಾತ್ರದವನು ಪದದಲ್ಲಿ ಒಂದು ಮಾತ್ರೆ ತಪ್ಪಿದರೂ ಅವರ ಕೈ ನಿಂತುಬಿಡುತ್ತದೆ. ಪೇಟಿ ನಿಂತಿತೆಂದರೆ ಎಲ್ಲರೂ ನಿಲ್ಲಬೇಕು. ಸಾರಥಿಯ ಪಾತ್ರದ ಹುಡುಗ ಹತ್ತನೆಯ ತರಗತಿ ಓದಿದವನು, ಬಲು ಚುರುಕು. ಅವನು ಓಡಿಬಂದು ಮುಂದೆ ಕುಳಿತು ಕೇಳುತ್ತಾನೆ: “ಮಾಸ್ತರ್ರೇ, ರಾಗ ತಪ್ಪೇನ್ರಿ? ತಾಳ ತಪ್ಪೇನ್ರಿ?” ತಾಳ ಎಂದೊಡನೆ ಎಡಗೈ ತೊಡೆಯ ಮೇಲೆ ಬೀಳುತ್ತದೆ. “ಎರಡನೇ ನುಡಿಯಾಗೇನ್ರಿ?” “ಹೌದ್ರಿ.” ಆ ಹೌದ್ರಿಗಳಲ್ಲಿ ಹೌದು ಯಾವುದು, ಅಲ್ಲ ಯಾವುದು ಎಂಬುದನ್ನು ಅವನು ಹದಿನೈದು ದಿನದಲ್ಲಿ ಕಲಿತುಬಿಟ್ಟ, ನನಗೆ ಇಂದಿಗೂ ತಪ್ಪುತ್ತದೆ.

ಆಟ ಮುಂದಿನ ತಿಂಗಳು. ಆ ರಾತ್ರಿ ಸಾವಿರ ಜನರ ಎದುರು ಪೇಟಿಯ ಮುಂದೆ ಕೂಡುವಿರಾ, ಬೇಡವೆ ಎಂದು ಕಳೆದ ಭಾನುವಾರ ನಾನೇ ಕೇಳಿದೆ. ಈ ಸಲ ಒಂದೇ ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ. ಮಾವನವರು ಬಹಳ ಹೊತ್ತು ನೆಲ ನೋಡಿದರು. ಬಳ್ಳಾರಿಯ ಸಭೆ ಅವರ ಕಣ್ಣ ಮುಂದೆ ಹಾದಿರಬೇಕು. ನನ್ನ ಕಣ್ಣ ಮುಂದಂತೂ ಹಾಯಿತು. ಆಮೇಲೆ ಹೌದ್ರಿ ಎನ್ನಲೂ ಇಲ್ಲ, ತಲೆಯಾಡಿಸಲೂ ಇಲ್ಲ. ಕೋಲೂರಿ ಎದ್ದು ಒಳಗೆ ಹೋಗಿ, ಸನ್ಮಾನದಲ್ಲಿ ಹೊದಿಸಿದ್ದ ಶಾಲನ್ನು ತಂದು, ನಾಲ್ಕಾಗಿ ಮಡಿಸಿ, ಪೇಟಿಯ ಕೆಳಗೆ ಹಾಸಿದರು.